ನಲವತ್ತೆರಡರ ಅಳತೆ

ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಟ್ರಯಲ್ ಪರದೆ ಎಳೆದಿದ್ದರೆ ಮನೆಯ ಗಂಡಸರು ಬಾಗಿಲ ಹೊರಗೆ ನಿಂತು ಕೆಮ್ಮಬೇಕು. ಒಳಗಿನಿಂದ 'ಹೂಂ' ಅಂದ ಮೇಲೆ ಕಾಲಿಡಬೇಕು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ನಡೆದುಕೊಂಡು ಬಂದ ಕಾನೂನು ಅದು. ಕಾನೂನು ಮಾಡಿದವರು ಹೊಲಿಗೆಯಮ್ಮ. ಬೀದಿಯವರು ಇಟ್ಟ ಹೆಸರು ಅದು. ಅವರ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಾಯಂ ಗಿರಾಕಿ ಬ್ಯಾಂಕಿನಾಕೆ ಪರದೆಯ ಹಿಂದೆ ಹೊಸ ರವಿಕೆಯ ಒಂದು ತೋಳು ತೊಟ್ಟು, ಇನ್ನೊಂದು ತೋಳಿಗೆ ಗುಂಡುಸೂಜಿ ಚುಚ್ಚಿಸಿಕೊಳ್ಳುತ್ತ ನಿಂತಿದ್ದರು. ಹೊಲಿಗೆಯಮ್ಮನ ಮಗ ಕೆಮ್ಮಲಿಲ್ಲ. ಕೆಮ್ಮಲು ಅವನಲ್ಲಿ ಉಸಿರೇ ಉಳಿದಿರಲಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನು ಅವನು. ಅವನ ಕಟ್ಟಡಕ್ಕೆ ಮಾತ್ರ ಲಿಫ್ಟಿಲ್ಲ. ಅವನೂ ಸೊಸೆಯೂ ಹಳೇ ಬೆಡ್‌ಶೀಟು ಸುತ್ತಿದ, ಆಳೆತ್ತರದ ಏನನ್ನೋ ಮೂರು ಮಹಡಿ ಹೊತ್ತು ತಂದು ಹಿಂದುಹಿಂದಾಗಿ ಒಳಗೆ ಬಂದರು. ಅದರ ತಲೆ ಪರದೆಗೆ ಸಿಕ್ಕಿ, ಪರದೆ ಸರ್ರನೆ ಸರಿಯಿತು.

"ಅಯ್ಯಯ್ಯೋ, ಯಾರೋ ಗಂಡಸು!" ಎಂದು ಕಿರುಚಿದರು ಬ್ಯಾಂಕಿನಾಕೆ.

"ಗಂಡಸಲ್ಲ ಮೇಡಂ, ಬೇಸ್," ಎಂದಳು ಸೊಸೆ ಏದುಸಿರು ಬಿಡುತ್ತ. "ಡಬಲ್ ಬೇಸ್."

ಬ್ಯಾಂಕಿನಾಕೆ ಗುಂಡುಸೂಜಿಗಳ ಸಮೇತ ಹೊರಟುಹೋದ ಮೇಲೆ ವಿಚಾರಣೆ ಶುರುವಾಯಿತು.

"ಡಬಲ್ ಅಂದ್ರೆ ಏನು?"

"ದೊಡ್ಡದು ಅಂತ, ಅತ್ತೆ."

"ದೊಡ್ಡದು ಅನ್ನೋದು ಕಣ್ಣಿಗೆ ಕಾಣ್ತಿದೆ. ಎಲ್ಲಿ ಮಲಗಿಸ್ತೀಯ ಇದನ್ನ?"

"ಮಲಗಿಸೋದಲ್ಲ ಅತ್ತೆ, ನಿಲ್ಲಿಸೋದು. ನಿಂತೇ ಬಾರಿಸೋದು."

ಸೊಸೆ ಮಧ್ಯಾಹ್ನದವರೆಗೆ ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುತ್ತಿದ್ದಳು. ವಾರಕ್ಕೆ ನಾಲ್ಕು ಸಂಜೆ ಹೋಟೆಲಿನ ಊಟದ ಹಾಲ್‌ನಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದಳು. ನಾಲ್ಕು ದಪ್ಪ ತಂತಿಯ, ವಿದ್ಯುತ್ತಿನ ಗಿಟಾರು ಅದು. ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಹನ್ನೊಂದು ವರ್ಷದಿಂದ ಹಾಗೇ ನಡೆದಿತ್ತು. ಈಗ ಹೋಟೆಲಿನವರು ಹೊಸ ಬಣ್ಣ ಬಳಿಸಲೆಂದು ಹಾಲ್ ಮುಚ್ಚಿ, ಇನ್ನು ಮೇಲೆ ಸ್ಪೀಕರುಗಳ ಗದ್ದಲ ಬೇಡ, ಹಳೇ ಕಾಲದ ಹಾಗೆ ಮರದ ವಾದ್ಯಗಳೇ ಇರಲಿ ಎಂದುಬಿಟ್ಟಿದ್ದರು. ತಂಡದ ಯಜಮಾನಿಕೆ ಪಿಯಾನೋ ಮೇಷ್ಟ್ರದು. ಅವರು ಸೊಸೆಯನ್ನು ಕರೆದು, "ಆರು ವಾರ ಟೈಮ್ ಇದೆಯಮ್ಮ. ನಿಂತ ಬೇಸ್ ಕಲಿತರೆ ಜಾಗ ನಿಂದು. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಲೇಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ" ಎಂದಿದ್ದರು. ಅವಳು ಬೇಜಾರು ಮಾಡಿಕೊಳ್ಳುತ್ತ ಕೂರಲಿಲ್ಲ. ಯಾವುದೋ ಶಾಲೆಯವರು ಉಗ್ರಾಣ ಖಾಲಿ ಮಾಡುತ್ತಿದ್ದಾರೆಂದು ಕೇಳಿ, ಹೊಸ ಸೈಕಲ್ಲಿಗಿಂತ ಅಗ್ಗಕ್ಕೆ ಇದನ್ನು ತಂದೇಬಿಟ್ಟಳು.

ಮಾವ ನಲವತ್ತು ವರ್ಷ ಬಾಗಿಲು ಕಿಟಕಿ ಮಾಡಿ ಈಗ ಮನೆಯಲ್ಲಿ ಕೂತ ಬಡಗಿ. ಬೆಡ್‌ಶೀಟು ಬಿಚ್ಚಿದ ಕೂಡಲೇ ಅವರು ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯನ್ನು ತಟ್ಟಿ ನೋಡಿದರು.

"ಪ್ಲೈವುಡ್ಡು," ಎಂದರು, ಸತ್ತವರ ಸುದ್ದಿ ಹೇಳುವಂತೆ.

"ಅಗ್ಗದ್ದು ಮಾವ. ಒಳ್ಳೇ ಮರದ್ದಾದ್ರೆ ನಮ್ಮ ಕೈಗೆಲ್ಲಿ ಎಟುಕುತ್ತೆ?"

"ಒಂದು ಮಾತು ಹೇಳಿದ್ರೆ ನಾನೇ ಮಾಡಿಕೊಡ್ತಿದ್ದೆನಲ್ಲಮ್ಮ."

"ನೀವು ಮಾಡಿದ್ರೆ ಅದಕ್ಕೆ ಚೌಕಟ್ಟು, ಕದ, ಅಗುಳಿ ಎಲ್ಲಾ ಇರ್ತಿತ್ತು," ಎಂದರು ಹೊಲಿಗೆಯಮ್ಮ. "ಈಗ ಇದನ್ನ ಇಡೋದೆಲ್ಲಿ ಹೇಳಿ."

ಮೂರು ಕೋಣೆಯ ಮನೆ. ಮಗ ಸೊಸೆಯ ಕೋಣೆಯಲ್ಲಿ ನಿಲ್ಲಿಸಿದರೆ ಬೀರುವಿನ ಬಾಗಿಲು ತೆರೆಯದು. ಹಿರಿಯರ ಕೋಣೆಯಲ್ಲಿ ನಿಲ್ಲಿಸಿದರೆ ಮಾವ ಬಚ್ಚಲಿಗೆ ಹೋಗುವಾಗ ಅದಕ್ಕೆ ಎಡವಿ ಬೀಳುವುದು ಖಾತ್ರಿ. ಅಡುಗೆಮನೆಯ ಹಬೆ ಪ್ಲೈವುಡ್ಡಿಗೆ ಆಗದೆಂದು ಮಾವನೇ ತೀರ್ಪು ಕೊಟ್ಟರು. ಉಳಿದದ್ದು ಮುಂದಿನ ಕೋಣೆ. ಅಲ್ಲಿ ಹೊಲಿಗೆ ಮಷೀನು, ಕತ್ತರಿಸುವ ಮೇಜು, ಮತ್ತೆ ಆಳೆತ್ತರದ ಕನ್ನಡಿ ನಿಂತ ಟ್ರಯಲ್ ಮೂಲೆ. ಎಲ್ಲರ ಕಣ್ಣೂ ಆ ಮೂಲೆಯ ಕಡೆ ಹೊರಳಿತು.

"ಸಾಧ್ಯವೇ ಇಲ್ಲ," ಎಂದರು ಹೊಲಿಗೆಯಮ್ಮ.

"ಆರೇ ವಾರ ಅತ್ತೆ."

"ಗಿರಾಕಿಗಳು ಎಲ್ಲಿ ಬಟ್ಟೆ ಹಾಕಿ ನೋಡ್ತಾರೆ? ಬೀದೀಲಾ?"

"ನಮ್ಮ ಕೋಣೇಲಿ ನೋಡ್ಲಿ ಬಿಡಮ್ಮ," ಎಂದ ಮಗ.

"ನಿನ್ನ ಗ್ರೀಸು ಮೆತ್ತಿದ ಪ್ಯಾಂಟುಗಳ ಮಧ್ಯೆ?"

ಮಾತಿಗೆ ಮಾತು ಬೆಳೆಯಿತು. ಒಲೆಯ ಮೇಲಿದ್ದ ಆಲೂಗಡ್ಡೆ ತಳ ಹಿಡಿಯಿತು. ಕಡೆಗೆ ಸೊಸೆ, "ಈ ಹನ್ನೊಂದು ವರ್ಷದಲ್ಲಿ ನಿಮ್ಮ ಹತ್ರ ನಂಗೆ ಅಂತ ಏನಾದ್ರೂ ಕೇಳಿದ್ದೀನಾ ಅತ್ತೆ?" ಎಂದಳು. ಹೊಲಿಗೆಯಮ್ಮ ಯೋಚಿಸಿದರು. ಕೇಳಿರಲಿಲ್ಲ. ಅದೇ ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಆರು ವಾರ. ಆರು ಅಂದ್ರೆ ಆರು. ಆಮೇಲೆ ನನ್ನ ಮೂಲೆ ನಂಗೆ."

ಮಾರನೆಯ ದಿನವೇ ಅವರು ಟೇಪು ಹಿಡಿದು ಅದರ ಮುಂದೆ ನಿಂತರು. ಹೊರಗೆ ಒಯ್ಯುವಾಗ ಹಾಕಲು ಅದಕ್ಕೊಂದು ಗವಸು ಬೇಕಲ್ಲ. ಮನೆಯಲ್ಲಿ ಹೊಲಿಯುವವರಿದ್ದೂ ಬೆಡ್‌ಶೀಟು ಸುತ್ತಿಕೊಂಡು ಓಡಾಡಿದರೆ ಮಾನ ಹೋಗುವುದು ಯಾರದು? ಅವರ ಬಳಿ ದಪ್ಪನೆಯ ಅಳತೆ ಪುಸ್ತಕವಿತ್ತು. ಕಾಯಂ ಗಿರಾಕಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಮೊದಲ ನಾಲ್ಕು ಪುಟ ಮನೆಯವರಿಗೆ. ಈ ಅಳತೆಯನ್ನು ಮಾತ್ರ ಅವರು ಹಳೇ ರಸೀತಿಯ ಹಿಂಬದಿಯಲ್ಲಿ ಗೀಚಿಕೊಂಡರು. ಆರು ವಾರದ ನೆಂಟನಿಗೆ ಪುಸ್ತಕದ ಪುಟ ಯಾಕೆ? ಭುಜ, ಸೊಂಟ, ಅದರ ಕೆಳಗಿನ ಸುತ್ತಳತೆ ಎಲ್ಲ ಬರೆದುಕೊಂಡು, "ಈ ಬೀದೀಲಿ ಇಂಥ ಸೊಂಟ ಇನ್ನೊಬ್ಬರಿಗಿಲ್ಲ" ಎಂದು ಗೊಣಗಿದರು. ಹೊರಗೆ ಹಳೇ ಮಳೆಕೋಟಿನ ಬಟ್ಟೆ, ಒಳಗೆ ಗೀರು ಬೀಳದಿರಲೆಂದು ಮೆತ್ತನೆಯ ಫ್ಲಾನೆಲ್ ಅಸ್ತರಿ.

ಎರಡನೆಯ ವಾರ ಸೊಸೆಯ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಗಿಟಾರಿನ ತಂತಿಯನ್ನು ಮುಟ್ಟಿದರೆ ಸಾಕಿತ್ತು. ಇದರ ತಂತಿಯನ್ನು ಬಾವಿಯ ಹಗ್ಗದಂತೆ ಜಗ್ಗಬೇಕು. ಸೋಪಿನ ನೀರು ತಾಗಿದರೆ ಅವಳು ಹಲ್ಲು ಕಚ್ಚುತ್ತಿದ್ದಳು.

"ಪಾತ್ರೆ ಯಾರು ತೊಳೀಬೇಕು ಈಗ?" ಎಂದು ಹೊಲಿಗೆಯಮ್ಮ ಊಟದ ಮೇಜಿನಲ್ಲಿ ಕೇಳಿದರು. "ನಾನು ಸೂಜಿ ಹಿಡಿಯೋಳು. ಕೈ ನೆನೆದ್ರೆ ಬಟ್ಟೆ ಮೇಲೆ ಕಲೆ."

"ನಂಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ," ಎಂದ ಮಗ, ಯಾರೂ ಅವನ ಹೆಸರು ಎತ್ತುವ ಮೊದಲೇ.

ಹಾಗಾಗಿ ಮದುವೆಯಾದ ಮೂವತ್ತೈದು ವರ್ಷಕ್ಕೆ ಮಾವ ಮೊದಲ ಸಲ ಸಿಂಕಿನ ಮುಂದೆ ನಿಂತರು. ಒಂದೊಂದು ಪಾತ್ರೆಯನ್ನೂ ಬೆಳಕಿಗೆ ಹಿಡಿದು, ಮರಳುಕಾಗದ ತಿಕ್ಕಿದ ಹಾಗೆ ತಿಕ್ಕಿದರು. ಅರ್ಧ ಗಂಟೆಯ ನಂತರ ಅಂಟದ ಬಾಣಲೆಯ ಕಪ್ಪು ಲೇಪವೆಲ್ಲ ಕಿತ್ತುಬಂದು ತಗಡು ಥಳಥಳ ಹೊಳೆಯಿತು.

"ನೋಡು, ಎಷ್ಟು ಕೊಳೆ ಇತ್ತು!" ಎಂದು ಹೆಮ್ಮೆಯಿಂದ ತೋರಿಸಿದರು.

ಸೊಸೆ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಹೊಲಿಗೆಯಮ್ಮನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಒಂದು ತಿಂಗಳು ಮೊಟ್ಟೆಗಳು ಆ ಬಾಣಲೆಯಲ್ಲಿ ಅಂಟಿಕೊಂಡೇ ಬೆಂದವು.

ಮೂರನೆಯ ವಾರದ ಹೊತ್ತಿಗೆ ಹೊಲಿಗೆಯಮ್ಮನ ಕಿವಿ ಅದಕ್ಕೆ ಒಗ್ಗಿತು. ಮಧ್ಯಾಹ್ನ ಅವರು ಮಷೀನು ತುಳಿಯುವಾಗ ಸೊಸೆ ಮೂಲೆಯಲ್ಲಿ ನಿಂತು ಬಾರಿಸುತ್ತಿದ್ದಳು. ಸಂಗೀತದ ಗಂಧಗಾಳಿ ಇಲ್ಲದಿದ್ದರೂ ಹೊಲಿಗೆಯಮ್ಮ ಒಂದನ್ನು ಗಮನಿಸಿದ್ದರು. ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿ ಒಂದೇ ಒಂದು ಸ್ವರಕ್ಕೆ, ಬೇರೆ ಯಾವುದಕ್ಕೂ ಅಲ್ಲ, 'ಝುಂಯ್' ಎಂದು ನಡುಗುತ್ತಿತ್ತು. ಮೊದಲು ಗಿಟಾರು ನುಡಿಸುವಾಗ ಆ ಸ್ವರ ಬಂದಾಗಲೆಲ್ಲ ಡಬ್ಬಿ ತಪ್ಪದೆ ಮಾತಾಡುತ್ತಿತ್ತು. ಈಗ ಹತ್ತರಲ್ಲಿ ಎರಡು ಸಲ ಮಾತಾಡಿದರೆ ಹೆಚ್ಚು.

"ಯಾಕೇ ಡಬ್ಬಿ ಸುಮ್ಮನಾಗಿದೆ?" ಎಂದು ಕೇಳಿದರು.

ಸೊಸೆ ಬೇಸಿನ ಕತ್ತಿಗೆ ಹಣೆ ಆನಿಸಿ ನಿಂತಳು. "ಗಿಟಾರಲ್ಲಿ ಲೋಹದ ಪಟ್ಟಿ ಇರುತ್ತೆ ಅತ್ತೆ. ಪಟ್ಟಿ ಹಿಂದೆ ಬೆರಳಿಟ್ರೆ ಸ್ವರ ತಾನಾಗೇ ಸರಿ. ಇದು ಬೋಳು. ಕೂದಲೆಳೆ ಆಚೀಚೆ ಆದ್ರೂ ಅಪಸ್ವರ. ನಿನ್ನೆ ಪ್ರಾಕ್ಟೀಸಲ್ಲಿ ಮೇಷ್ಟ್ರು ಎಲ್ಲರ ಮುಂದೆ ಒಂಬತ್ತು ಸಲ ನಿಲ್ಲಿಸಿದ್ರು. ಒಂಬತ್ತನೇ ಸಲ ಬೈಯ್ಲೂ ಇಲ್ಲ. ಸುಮ್ನೆ ಕನ್ನಡಕ ಒರೆಸ್ಕೊಂಡ್ರು."

"ಬೈದಿದ್ರೆ ಚೆನ್ನಾಗಿತ್ತು," ಎಂದರು ಹೊಲಿಗೆಯಮ್ಮ.

"ಹೌದು ಅತ್ತೆ."

ಆ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಕನ್ನಡಿಯ ಮೂಲೆ ಬೇಗ ಖಾಲಿಯಾಗುತ್ತದೆಂದು ಹೊಲಿಗೆಯಮ್ಮ ಸಂತೋಷಪಡಬೇಕಿತ್ತು. ಸಂತೋಷ ಹತ್ತಿರ ಸುಳಿಯಲಿಲ್ಲ. ತಟ್ಟೆಯಲ್ಲಿ ಉಳಿದ ಬ್ರೆಡ್ಡನ್ನು ಮುಚ್ಚಿ ಎತ್ತಿಟ್ಟರು.

ಅದನ್ನು ಮಾವನೂ ನೋಡಿದ್ದರು. ನಾಲ್ಕನೆಯ ವಾರದ ಒಂದು ಬೆಳಿಗ್ಗೆ, ಸೊಸೆ ಡಾಕ್ಟರ ಬಳಿಗೂ ಹೆಂಡತಿ ದಾರದಂಗಡಿಗೂ ಹೋಗಿದ್ದಾಗ, ಅಟ್ಟದ ಮೇಲಿನ ಹತಾರದ ಪೆಟ್ಟಿಗೆ ಇಳಿಸಿದರು. ಮಡಚುವ ಅಳತೆಪಟ್ಟಿ ಹಿಡಿದು, ಗಿಟಾರಿನ ತಂತಿಗಳು ಶುರುವಾಗುವ ತಲೆಯ ಪಟ್ಟಿಯಿಂದ ಒಂದೊಂದು ಲೋಹದ ಪಟ್ಟಿಗೂ ಇರುವ ದೂರವನ್ನು ಅರ್ಧ ಮಿಲಿಮೀಟರೂ ತಪ್ಪದಂತೆ ತೆಗೆದರು. ಅದೇ ದೂರಗಳನ್ನು ಬೇಸಿನ ಕತ್ತಿನ ಕಪ್ಪು ಹಲಗೆಯ ಅಂಚಿನಲ್ಲಿ ಗುರುತಿಸಿ, ಚೂಪು ಅಲಗಿನಿಂದ ಸಣ್ಣಗೆ ಕೊರೆದು, ಬಿಳಿ ಬಣ್ಣ ತುಂಬಿ, ಒಣಗಿದ ಮೇಲೆ ನಯ ಮಾಡಿದರು. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತೆಂದರೆ ಪ್ಲೈವುಡ್ಡಿನ ಮೇಲಿನ ಮುನಿಸೂ ಅರ್ಧ ಇಳಿದಿತ್ತು.

ಮಧ್ಯಾಹ್ನ ಸೊಸೆ ಬಂದಾಗ ಮಾವ ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಬಾರಿಸಮ್ಮ, ನೋಡೋಣ. ಈಗ ಹೇಗೆ ತಪ್ಪುತ್ತೆ ನೋಡ್ತೀನಿ."

ಸೊಸೆಯ ಮುಖ ಅರಳಿತು. ಮೊದಲ ಗೆರೆಯ ಮೇಲೆ ಬೆರಳಿಟ್ಟು ಎಳೆದಳು. ಎರಡನೆಯದು. ಮೂರನೆಯದು. ಅರಳಿದ ಮುಖ ಹಾಗೇ ನಿಂತಿತು. ಕಣ್ಣು ಮಾತ್ರ ಬೇರೆಯಾಯಿತು. ಹೊಲಿಗೆಯಮ್ಮ ಗುಂಡುಸೂಜಿ ಡಬ್ಬಿಯನ್ನೇ ನೋಡುತ್ತಿದ್ದರು. ಡಬ್ಬಿ ತುಟಿ ಬಿಚ್ಚಲಿಲ್ಲ.

"ತುಂಬಾ ಚೆನ್ನಾಗಿದೆ ಮಾವ," ಎಂದು ಹೇಳಿ ಸೊಸೆ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ಬೊಬ್ಬೆಯ ಕೈಯವಳಿಗೆ ನಲ್ಲಿಯ ಹತ್ತಿರ ಏನು ಕೆಲಸ? ಅಳು ಕೇಳಿಸದಿರಲೆಂದು ಅಷ್ಟೇ.

"ಏನ್ರೀ ಮಾಡಿದ್ರಿ?"

"ಏನು ಮಾಡಿದೆ? ಅಲ್ಲಿದ್ದದ್ದನ್ನ ಇಲ್ಲಿ ಇಳಿಸಿದೆ. ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ."

ಹೊಲಿಗೆಯಮ್ಮ ಕೊರಳಲ್ಲಿದ್ದ ಟೇಪು ತೆಗೆದರು. ಗಿಟಾರಿನ ತಲೆಯ ಪಟ್ಟಿಯಿಂದ, ಕೆಳಗೆ ತಂತಿಗಳನ್ನು ಹೊತ್ತು ನಿಂತ ಕುದುರೆಯವರೆಗೆ ಹಿಡಿದರು. ಮೂವತ್ತನಾಲ್ಕು ಇಂಚು. ಬೇಸಿನ ತಲೆಯಿಂದ ಅದರ ಕುದುರೆಯವರೆಗೆ ಹಿಡಿದರು. ನಲವತ್ತೆರಡು. ಅವರು ಹಣೆ ಚಚ್ಚಿಕೊಂಡರು.

"ರೀ! ಮೂವತ್ನಾಲ್ಕರ ಅಳತೇನ ನಲವತ್ತೆರಡರ ಮೈಗೆ ತೊಡಿಸಿದ್ದೀರಲ್ರೀ!"

"ಅದಕ್ಕೇನೀಗ? ಏಳಡಿ ಬಾಗಿಲಿಗೂ ಹತ್ತಡಿ ಬಾಗಿಲಿಗೂ ಚಿಲಕ ನೆಲದಿಂದ ಮೂರೇ ಅಡಿಗೆ. ಬಾಗಿಲು ಬೆಳೀತು ಅಂತ ಚಿಲಕ ಮೇಲೆ ಹತ್ತುತ್ತಾ?"

"ಚಿಲಕ ಇರೋದು ಮನುಷ್ಯರ ಕೈಗೆ ಸಿಗಲಿ ಅಂತ. ಇದು ಮೈ ರೀ, ಮೈ! ಮೈ ದೊಡ್ಡದಾದ್ರೆ ಕಂಕುಳು, ಎದೆ, ಸೊಂಟ ಎಲ್ಲಾ ಕೆಳಗೆ ಇಳೀಬೇಕು. ನಿಮ್ಮ ಗೆರೆ ಹಿಡಿದು ಹೊಲಿದ್ರೆ ಸೊಂಟದ ಪಟ್ಟಿ ಎದೆ ಮೇಲೆ ಕೂರುತ್ತೆ."

ಮಾವ ಅಳತೆಪಟ್ಟಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ನಲವತ್ತು ವರ್ಷದಲ್ಲಿ ಒಂದು ಬಾಗಿಲನ್ನೂ ಕೆಡಿಸದ ಮನುಷ್ಯನ ಮುಖ ಸಣ್ಣದಾಯಿತು. "ಕೊರೆದುಬಿಟ್ಟೆನಲ್ಲೇ," ಎಂದರು ಮೆಲ್ಲಗೆ. "ಅಳಿಸೋ ಹಾಗೂ ಇಲ್ಲ."

ಆ ದನಿ ಕೇಳಿ ಹೊಲಿಗೆಯಮ್ಮನ ಸಿಟ್ಟು ಎತ್ತ ಹೋಯಿತೋ. "ಕಪ್ಪು ಮೇಣ ತುಂಬಿ ಮುಚ್ಚಿ. ನಿಮಗೆ ಬರದ ಕೆಲಸವಾ ಅದು?" ಎಂದರು. "ಉಳಿದದ್ದು ನನಗೆ ಬಿಡಿ."

ಸಂಜೆ ಮಗ ಬಂದು ಫೋನು ತೆಗೆದ. "ಸುಲಭ ಅಮ್ಮ. ಒಂದೊಂದನ್ನೂ ನಲವತ್ತೆರಡರಿಂದ ಗುಣಿಸಿ ಮೂವತ್ನಾಲ್ಕರಿಂದ ಭಾಗಿಸ್ಬೇಕು. ಇಪ್ಪತ್ತು ಗೆರೆ ಇದೆ. ಮೊದಲನೇದು... ಇರು, ಮತ್ತೆ ಒತ್ತಿದೆ... ಏನೋ ತಪ್ಪಾಯ್ತು."

"ನೀನು ಒತ್ತುತ್ತಾ ಇರು," ಎಂದು ಹೊಲಿಗೆಯಮ್ಮ ಸೊಂಟಕ್ಕೆ ಹಾಕುವ ಎಲಾಸ್ಟಿಕ್ಕಿನ ಉರುಳೆ ತೆಗೆದು ಒಂದು ಉದ್ದನೆಯ ತುಂಡು ಕತ್ತರಿಸಿದರು. ಅದನ್ನು ಎಳೆಯದೆ ಗಿಟಾರಿನ ಮೇಲೆ ನೇರಕ್ಕೆ ಮಲಗಿಸಿ, ತಲೆಯ ಪಟ್ಟಿ, ಕುದುರೆ, ನಡುವಿನ ಒಂದೊಂದು ಲೋಹದ ಪಟ್ಟಿ, ಎಲ್ಲಕ್ಕೂ ಪೆನ್ನಿನಿಂದ ಗೆರೆ ಹಾಕಿದರು. ಆಮೇಲೆ ಮೂಲೆಗೆ ಹೋಗಿ ಗಂಡನ ಕೈಗೆ ಒಂದು ತುದಿ ಕೊಟ್ಟರು. "ಮೇಲೆ ಹಿಡೀರಿ." ಇನ್ನೊಂದು ತುದಿಯನ್ನು ಸೊಸೆಗೆ ಕೊಟ್ಟು, "ಕುದುರೆವರೆಗೂ ಎಳಿ" ಎಂದರು.

ಎಲಾಸ್ಟಿಕ್ಕು ಹಿಗ್ಗಿತು. ಅದರ ಜೊತೆಗೆ ಗೆರೆಗಳೂ ತಮ್ಮ ತಮ್ಮ ಪಾಲಿನಷ್ಟು ಸರಿದು ಕೆಳಗಿಳಿದವು. ಮೂವತ್ತನಾಲ್ಕು ಹೋಗಿ ನಲವತ್ತೆರಡಾಯಿತು. ಮಗ ಫೋನಿನಿಂದ ತಲೆಯೆತ್ತಿ ಬಾಯಿ ತೆರೆದು ನೋಡಿದ. ಮಾವ, "ಎಲಾ ಇವಳಾ!" ಎಂದರು. ಹೊಲಿಗೆಯಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಲಗೆಯ ಅಂಚಿನಲ್ಲಿ ಚಕಚಕನೆ ಗುರುತು ಹಾಕಿದರು.

"ಈಗ ಎಳಿ."

ಸೊಸೆ ಬೆರಳಿಟ್ಟಳು. ಎಳೆದಳು. ಮೇಜಿನ ಮೇಲೆ ಗುಂಡುಸೂಜಿ ಡಬ್ಬಿ 'ಝುಂಯ್' ಎಂದಿತು. ಸೊಸೆ ಆ ಆಳೆತ್ತರದ ಬೇಸನ್ನು ಬಿಟ್ಟು ಬಂದು ಅತ್ತೆಯನ್ನು ತಬ್ಬಿಕೊಂಡಳು. ಬೀಳುತ್ತಿದ್ದ ಬೇಸನ್ನು ಮಾವ ಹಾರಿ ಹಿಡಿದರು.

ಸೀಮೆಸುಣ್ಣ ದಿನಕ್ಕೊಮ್ಮೆ ಬೆರಳಿಗೆ ತಾಗಿ ಅಳಿಸುತ್ತಿತ್ತು. ದಿನವೂ ಬೆಳಿಗ್ಗೆ ಚಹಾ ಆದ ಮೇಲೆ ಹೊಲಿಗೆಯಮ್ಮ ಗಂಡನನ್ನು ಕರೆದು, ಎಲಾಸ್ಟಿಕ್ಕು ಎಳೆಸಿ, ಮತ್ತೆ ಗುರುತು ಹಾಕುತ್ತಿದ್ದರು. ಕೊರೆಯೋಣವೇ ಎಂದು ಮಾವ ಕೇಳಿದಾಗ, "ನಿಮ್ಮ ಅಲಗು ಪೆಟ್ಟಿಗೇಲಿರಲಿ" ಎಂದರು. ಸೊಸೆ ಹಾಡಿಕೊಳ್ಳುತ್ತ ಬಾರಿಸತೊಡಗಿದಳು. ಡಬ್ಬಿ ಮೊದಲು ಹತ್ತಕ್ಕೆ ಐದು ಸಲ, ಆಮೇಲೆ ಎಂಟು ಸಲ ಮಾತಾಡಿತು. ಬ್ಯಾಂಕಿನಾಕೆ ಒಳಕೋಣೆಯಲ್ಲಿ ಆ ಗ್ರೀಸು ಪ್ಯಾಂಟುಗಳ ಮಧ್ಯೆ ರವಿಕೆ ಹಾಕಿ ನೋಡಿ, ಕನ್ನಡಿ ಇಲ್ಲವೆಂದು ಮುಖ ಊದಿಸಿಕೊಂಡು ಹೋದರು.

ಆರನೆಯ ವಾರದ ಶನಿವಾರ ಹೊಸ ಬಣ್ಣದ ಹಾಲ್‌ನಲ್ಲಿ ಮೊದಲ ಸಂಜೆ. ಅದು ಮುಗಿದ ಮೇಲೆ ಮೇಷ್ಟ್ರು ತೀರ್ಮಾನ ಹೇಳುವವರಿದ್ದರು. ಹೊಲಿಗೆಯಮ್ಮ ಬೆಳಿಗ್ಗೆ ಕಣ್ಣಿಗೆ ಕನ್ನಡಕ ಏರಿಸಿ, ಒಂದೊಂದು ಗುರುತನ್ನೂ ಎರಡೆರಡು ಸಲ ತಿದ್ದಿದರು. ಗವಸು ತೊಡಿಸಿ ತಾವೇ ಜಿಪ್ಪು ಎಳೆದರು. ಮಗ ಅದನ್ನು ಬೆನ್ನಿಗೆ ಕಟ್ಟಿಕೊಂಡು ಮೂರು ಮಹಡಿ ಇಳಿದ.

ಸಂಜೆ ಹೊಲಿಗೆಯಮ್ಮನೂ ಮಾವನೂ ವೇದಿಕೆಯ ಪಕ್ಕದ ಸಣ್ಣ ಮೇಜಿನಲ್ಲಿ ಕೂತರು. ಊಟದ ಪಟ್ಟಿ ನೋಡಿ ಬೆಚ್ಚಿ, ಬರೀ ಚಹಾ ಹೇಳಿದರು. ಸೊಸೆ ವೇದಿಕೆ ಹತ್ತಿ ಗವಸು ಬಿಚ್ಚಿದಳು. ಹಲಗೆ ಕಪ್ಪಗೆ, ನುಣ್ಣಗೆ, ಬೋಳಾಗಿ ಹೊಳೆಯಿತು. ಗುರುತು ಒಂದೂ ಇಲ್ಲ.

ಹೊಲಿಗೆಯಮ್ಮ ಚಹಾ ಲೋಟ ಕೆಳಗಿಟ್ಟರು. ಫ್ಲಾನೆಲ್ ಅಸ್ತರಿ! ಗೀರು ಬೀಳದಿರಲೆಂದು ತಾವೇ ಹಾಕಿದ ಮೆತ್ತನೆಯ ಅಸ್ತರಿ ದಾರಿಯುದ್ದಕ್ಕೂ ತಿಕ್ಕಿ ತಿಕ್ಕಿ ಎಲ್ಲವನ್ನೂ ಒರೆಸಿಬಿಟ್ಟಿತ್ತು.

"ಅಯ್ಯೋ, ನಾನೇ ಕೆಡಿಸಿದೆ ರೀ," ಎಂದು ಅವರು ಚೀಲಕ್ಕೆ ಕೈಹಾಕಿದರು. ಗುಂಡುಸೂಜಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಅದರಡಿಯಿಂದ ಸೀಮೆಸುಣ್ಣ ಹುಡುಕಿ ಎದ್ದೇಬಿಟ್ಟರು. ಮಾವ ಸೆರಗು ಹಿಡಿದು ಕೂರಿಸಿದರು.

"ಎಲ್ಲಿಗೆ? ಇಷ್ಟು ಜನರ ಮುಂದೆ ಎಲಾಸ್ಟಿಕ್ಕು ಎಳೀತೀಯಾ?"

ಸೊಸೆಯೂ ಹಲಗೆ ನೋಡಿದಳು. ಗವಸಿನೊಳಗಿನ ಬಿಳಿ ಪುಡಿ ನೋಡಿದಳು. ಆಮೇಲೆ ತಲೆಯೆತ್ತಿ, ಅರ್ಧ ಎದ್ದು ಅರ್ಧ ಕೂತ ಅತ್ತೆಯನ್ನು ನೋಡಿದಳು. ಇನ್ನೂ ಉಳಿದಿದ್ದ ಪುಡಿಯನ್ನು ತೋಳಿನಿಂದ ಒರೆಸಿ, ಕಣ್ಣು ಮುಚ್ಚಿ ಬೇಸಿನ ಕತ್ತು ಹಿಡಿದಳು.

ಪಿಯಾನೋ ಶುರುವಾಯಿತು. ಡ್ರಮ್ಮು ಸಣ್ಣಗೆ ಸೇರಿಕೊಂಡಿತು. ಹೊಲಿಗೆಯಮ್ಮನಿಗೆ ಯಾವುದು ಸರಿ, ಯಾವುದು ತಪ್ಪು ಒಂದೂ ತಿಳಿಯಲಿಲ್ಲ. ಕೈ ಒದ್ದೆಯಾಗಿ ಸೀಮೆಸುಣ್ಣ ಮೆತ್ತಗಾಯಿತು. ಮೇಷ್ಟ್ರು ಕನ್ನಡಕಕ್ಕೆ ಕೈ ಹಾಕುತ್ತಾರೇನೋ ಎಂದು ಅವರನ್ನೇ ನೋಡಿದರು.

ಆಗ ಮೇಜಿನ ಮೇಲೆ, ಚಹಾ ಲೋಟದ ಪಕ್ಕದಲ್ಲಿ, 'ಝುಂಯ್' ಎಂದಿತು.

ಹೊಲಿಗೆಯಮ್ಮ ಗಂಡನ ಮುಖ ನೋಡಿದರು. ಹಾಡು ಸುತ್ತಿ ಮತ್ತೆ ಅಲ್ಲಿಗೇ ಬಂತು. ಮತ್ತೆ 'ಝುಂಯ್'. ಪಕ್ಕದ ಮೇಜಿನವರು ಏನದು ಎಂದು ತಿರುಗಿ ನೋಡಿದರೂ ಹೊಲಿಗೆಯಮ್ಮ ಡಬ್ಬಿಯ ಮೇಲೆ ಕೈ ಇಡಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು, ಅದನ್ನೂ ಒರೆಸಿಕೊಳ್ಳಲಿಲ್ಲ.

ಕೊನೆಗೆ ಮೇಷ್ಟ್ರು ಅವರ ಮೇಜಿಗೇ ಬಂದರು. "ಎರಡು ಕಡೆ ಜಾರಿದ್ಲು," ಎಂದರು. "ನಾನು ಮೂರು ಕಡೆ. ಸೋಮವಾರದಿಂದ ಬರ್ಲಿ."

ಸೋಮವಾರ ಬೆಳಿಗ್ಗೆ ಚಹಾ ಆದ ಮೇಲೆ ಮಾವ ಅಭ್ಯಾಸದಂತೆ ಎಲಾಸ್ಟಿಕ್ಕಿನ ತುದಿ ಹಿಡಿದು ನಿಂತರು.

"ಬೇಡ ರೀ. ಸೀಮೆಸುಣ್ಣ ಇರೋದು ಹೊಲಿಯೋವರೆಗೆ. ಹೊಲಿದಾದ ಮೇಲೆ ಕೊಡವಿಬಿಡ್ಬೇಕು."

ಅಷ್ಟರಲ್ಲಿ ಬ್ಯಾಂಕಿನಾಕೆ ಹೊಸ ಬಟ್ಟೆಯ ಗಂಟು ಹಿಡಿದು ಬಂದರು. "ಆರು ವಾರ ಆಯ್ತಲ್ಲಾ? ನಿಮ್ಮ ಮೂಲೆ ನಿಮಗೆ ಬಂತಾ?" ಎಂದು ಪರದೆಯ ಕಡೆ ನಡೆದರು.

"ಅಲ್ಲಿ ಒಬ್ರು ಇದ್ದಾರೆ, ಮೇಡಂ. ಒಳಗೆ ಮಗನ ಕೋಣೆಗೆ ಬನ್ನಿ. ಕನ್ನಡೀನ ನಿನ್ನೆನೇ ಒಳಗೆ ಹಾಕಿಸಿದ್ದೀನಿ."

ಸೊಸೆ ಹಲ್ಲಿನ ಡಾಕ್ಟರ ಬಳಿಗೆ ಹೊರಡಲು ಚಪ್ಪಲಿ ಹುಡುಕುತ್ತಿದ್ದವಳು ತಟಕ್ಕನೆ ನಿಂತಳು. ಹೊಲಿಗೆಯಮ್ಮ ಅವಳ ಕಡೆ ನೋಡಲಿಲ್ಲ. ಮೇಜಿನ ಖಾನೆಯಿಂದ ಅಳತೆ ಪುಸ್ತಕ ತೆಗೆದರು. ಅದರೊಳಗಿಂದ ಹಳೇ ರಸೀತಿ ತೆಗೆದರು. ಮನೆಯವರ ನಾಲ್ಕು ಪುಟ ಮಗುಚಿ, ಐದನೆಯ ಪುಟದಲ್ಲಿದ್ದ ಗಿರಾಕಿಯ ಹೆಸರನ್ನು ಹೊಡೆದು ಹಾಕಿದರು. ಆ ಹೆಸರು ಬ್ಯಾಂಕಿನಾಕೆಯದು.

"ಏನ್ರೀ ಇದು, ನನ್ನ ಪುಟ!"

"ನಿಮಗೆ ಹಿಂದುಗಡೆ ಹೊಸ ಪುಟ ಕೊಡ್ತೀನಿ ಬನ್ನಿ. ಹೇಗೂ ನಿಮ್ಮ ಅಳತೆ ಹೆಚ್ಚಾಗಿದೆ," ಎಂದು ಹೇಳಿ ಹೊಲಿಗೆಯಮ್ಮ ಪೆನ್ನಿನ ತುದಿಯನ್ನು ನಾಲಿಗೆಗೆ ತಾಗಿಸಿ, ದೊಡ್ಡ ಅಕ್ಷರದಲ್ಲಿ ಬರೆದರು: ತಲೆಯಿಂದ ಕುದುರೆಯವರೆಗೆ, ನಲವತ್ತೆರಡು.